ದುಡ್ಡೆಲ್ಲ ಒಂದೇ ಜೇಬಲ್ಲಿ ಬೇಡ: ಯುರೋಪಿಗೆ ಹೊರಟ ದಂಪತಿಗೆ

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ ಸಣ್ಣ ಕಾಫಿ ತೋಟ. ಈ ಮೇ ತಿಂಗಳಲ್ಲಿ ನಾನು ಮತ್ತು ನಮ್ಮ ಯಜಮಾನರು ಮೊದಲ ಸಲ ವಿದೇಶಕ್ಕೆ ಹೊರಟಿದ್ದೇವೆ. 10 ದಿನ ಟೂರ್ ಕಂಪನಿ ಜೊತೆ ಪ್ಯಾರಿಸ್, ಸ್ವಿಟ್ಜರ್ಲೆಂಡ್, ಇಟಲಿ. ಆಮೇಲೆ ಒಂದು ವಾರ ಜರ್ಮನಿಯ ಮ್ಯೂನಿಕ್‌ನಲ್ಲಿ ಮಗಳ ಮನೆ. ಯಜಮಾನರು ‘ಎಲ್ಲಾ ಕ್ಯಾಶೇ ತಗೊಂಡು ಹೋಗೋಣ, ಕಾರ್ಡ್ ಸಹವಾಸ ಬೇಡ’ ಅಂತಾರೆ. ಬ್ಯಾಂಕಿನವರು ಫಾರೆಕ್ಸ್ ಕಾರ್ಡ್ ತಗೊಳ್ಳಿ ಅಂತಾರೆ. ಅಣ್ಣನ ಮಗ, ಕ್ರೆಡಿಟ್ ಕಾರ್ಡ್ ಒಂದಿದ್ದರೆ ಸಾಕು, ಈಗ ಅಲ್ಲೂ ಯುಪಿಐ ನಡೆಯುತ್ತೆ ಅಂತಾನೆ. ನನ್ನ ಹೆಸರಲ್ಲಿ ಯಾವ ಕಾರ್ಡೂ ಇಲ್ಲ. ನಮ್ಮ ಭಾವ ಲಂಡನ್‌ಗೆ ಹೋಗಿ ಬಂದಾಗ ಉಳಿದ 85 ಪೌಂಡ್ ಕೊಟ್ಟಿದ್ದಾರೆ, ಅದು ಉಪಯೋಗಕ್ಕೆ ಬರುತ್ತಾ? ಎಷ್ಟು ದುಡ್ಡು, ಯಾವ ರೀತಿ ಒಯ್ಯಬೇಕು, ಬಿಡಿಸಿ ತಿಳಿಸಿ.

ಉತ್ತರ: ಪತ್ರದ ನಡುವೆ ನೀವು ಸುಮ್ನೆ ಸೇರಿಸಿದಂತೆ ಒಂದು ಮಾತು ಬರೆದಿದ್ದೀರಿ: ‘ನನ್ನ ಹೆಸರಲ್ಲಿ ಯಾವ ಕಾರ್ಡೂ ಇಲ್ಲ.’ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಅದೇ. ಮೊದಲು ಅದನ್ನು ಸರಿ ಮಾಡೋಣ. ಯುರೋ, ರೇಟು, ಮಿಕ್ಕಿದ್ದೆಲ್ಲ ಆಮೇಲೆ.

ಹಾಸನದ ಬ್ಯಾಂಕೊಂದರಲ್ಲಿ ವಿದೇಶಿ ವಿನಿಮಯದ ಕೌಂಟರ್ ನೋಡಿಕೊಂಡೇ ನನ್ನ ನೌಕರಿಯ ಬಹುಪಾಲು ಕಳೆಯಿತು. ಪ್ರವಾಸಕ್ಕೆ ಹೊರಟ ಗಂಡ ಹೆಂಡತಿ ಒಟ್ಟಿಗೇ ಬರುತ್ತಾರೆ. ಅರ್ಜಿ ತುಂಬುವವರು ಯಜಮಾನರು, ಕಾರ್ಡ್ ಅವರ ಹೆಸರಿಗೆ, ಪಿನ್ ಅವರ ತಲೆಯಲ್ಲಿ. ಮನೆಯವರು ಪಕ್ಕದಲ್ಲಿ ಕೂತು ಎಲ್ಲ ನೋಡುತ್ತಾರೆ, ಅಷ್ಟೆ. ಅರಸೀಕೆರೆ ಕಡೆಯ ಒಬ್ಬ ಅಮ್ಮ ಹಾಗೆ ಹೋಗಿ ಬಂದವರು. ರೋಮ್‌ನಲ್ಲಿ ಅವರ ಯಜಮಾನರಿಗೆ ರಾತ್ರಿ ಎದೆನೋವು ಬಂತು, ಆಸ್ಪತ್ರೆಗೆ ಸೇರಿಸಿದರು. ಬೆಳಗ್ಗೆ ಗುಂಪಿನ ಬಸ್ಸು ಮುಂದಿನ ಊರಿಗೆ ಹೊರಡಬೇಕು. ಈಕೆಯ ಕೈಯಲ್ಲಿ ಇದ್ದದ್ದು 40 ಯುರೋ ಮತ್ತು ಗಂಡನ ಕಾರ್ಡು. ಎಟಿಎಂ ಮುಂದೆ ನಿಂತು ಮದುವೆಯಾದ ವರ್ಷ ಒತ್ತಿದರು, ಆಗಲಿಲ್ಲ. ಮಗ ಹುಟ್ಟಿದ ವರ್ಷ ಒತ್ತಿದರು, ಆಗಲಿಲ್ಲ. ಮೂರನೇ ಸಲಕ್ಕೆ ಕಾರ್ಡ್ ಬ್ಲಾಕ್ ಆಯಿತು. ಗುಂಪಿನಲ್ಲಿದ್ದ ಮೈಸೂರಿನವರೊಬ್ಬರು ಹೊರಡುವ ಮುಂಚೆ ತಮ್ಮ ಕಾರ್ಡಿಂದ 300 ಯುರೋ ತೆಗೆದು ಕೈಗಿಟ್ಟು ಹೋದರು. ಅದರಲ್ಲೇ ಆಕೆಯ ಊಟ, ಟ್ಯಾಕ್ಸಿ, ಎಲ್ಲ ನಡೆಯಿತು. ಯಜಮಾನರು ಗುಣವಾಗಿ ಬಂದರು, ದೇವರು ದೊಡ್ಡವನು. ಆದರೆ ಅದನ್ನು ಹೇಳುವಾಗ ಆಕೆಯ ಕೈ ಇನ್ನೂ ನಡುಗುತ್ತಿತ್ತು.

ಹಾಗಾಗಿ ಈ ವಾರವೇ ಬ್ಯಾಂಕಿಗೆ ಹೋಗಿ. ನಿಮ್ಮ ಖಾತೆ ಜಂಟಿಯಾಗಿದ್ದು, ಇಬ್ಬರಲ್ಲಿ ಯಾರಾದರೂ ನಡೆಸಬಹುದು ಅಂತ ಇದ್ದರೆ ನಿಮ್ಮ ಹೆಸರಿಗೂ ಒಂದು ಡೆಬಿಟ್ ಕಾರ್ಡ್ ಕೊಡುತ್ತಾರೆ. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಕೇಳಿ. ರೂಪೇ ಕಾರ್ಡ್ ನಮ್ಮ ದೇಶದಲ್ಲಿ ಚಿನ್ನದಂಥದ್ದು, ಆದರೆ ಯುರೋಪಿನ ಅಂಗಡಿಗಳಲ್ಲಿ ಅದನ್ನು ನಂಬಿಕೊಂಡು ಹೋಗಬೇಡಿ. ಫಾರೆಕ್ಸ್ ಕಾರ್ಡ್, ಅಂದರೆ ವಿದೇಶಿ ಹಣವನ್ನು ಮೊದಲೇ ತುಂಬಿಸಿಕೊಂಡು ಒಯ್ಯುವ ಕಾರ್ಡ್, ಅದನ್ನೂ ಇಬ್ಬರೂ ಬೇರೆ ಬೇರೆ ಮಾಡಿಸಿ. ನಿಮಗೆ ಪಾಸ್‌ಪೋರ್ಟ್ ಇದೆ, ಪ್ಯಾನ್ ಇದೆ ಅಂದರೆ ಗಂಡನ ಸಹಿ ಏನೂ ಬೇಕಿಲ್ಲ. ರಿಸರ್ವ್ ಬ್ಯಾಂಕ್ ಲೆಕ್ಕದಲ್ಲಿ ಒಬ್ಬೊಬ್ಬರಿಗೂ ಒಂದು ಆರ್ಥಿಕ ವರ್ಷಕ್ಕೆ 2,50,000 ಡಾಲರ್‌ವರೆಗೆ ಹೊರಗೆ ಕಳಿಸಲು, ಖರ್ಚು ಮಾಡಲು ಅವಕಾಶ ಇದೆ. ಅದು ತಲೆಗೆ ಇಷ್ಟು ಅಂತ ಇರುವ ಮಿತಿ, ಮನೆಗೆ ಇಷ್ಟು ಅಂತ ಅಲ್ಲ. ಪಿನ್ ನೀವೇ ಹಾಕಿಕೊಳ್ಳಿ. ನಿಮ್ಮ ಡೆಬಿಟ್ ಕಾರ್ಡನ್ನು ಹೊರಡುವ ಮುಂಚೆ ಚಿಕ್ಕಮಗಳೂರಿನ ಯಾವುದಾದರೂ ಎಟಿಎಂನಲ್ಲಿ ಎರಡು ಸಲ ಬಳಸಿ ನೋಡಿ. ಬೆರಳಿಗೆ ರೂಢಿಯಾದರೆ ಅಲ್ಲಿ ಗಾಬರಿ ಇರುವುದಿಲ್ಲ.

ಈಗ ಯಜಮಾನರ ಮಾತಿಗೆ ಬರೋಣ. ಎಲ್ಲಾ ಕ್ಯಾಶೇ ಒಯ್ಯುವುದು ಕಾನೂನಿನ ಪ್ರಕಾರ ಒಂದು ಮಟ್ಟದವರೆಗೆ ಸಾಧ್ಯ. ಯುರೋಪಿಗೆ ಹೋಗುವವರು ಒಂದು ಪ್ರವಾಸಕ್ಕೆ ಒಬ್ಬರಿಗೆ 3,000 ಡಾಲರ್ ಬೆಲೆಯಷ್ಟು ವಿದೇಶಿ ನೋಟು ಕೊಳ್ಳಬಹುದು. ಅದಕ್ಕಿಂತ ಜಾಸ್ತಿ ಬೇಕಿದ್ದರೆ ಕಾರ್ಡ್ ಥರದ ಬೇರೆ ದಾರಿಯೇ ಹಿಡಿಯಬೇಕು. ಆದರೆ ನನ್ನ ಸಲಹೆ ಕೇಳಿದರೆ, ಬೇಡ. ಪ್ಯಾರಿಸ್‌ನ ಮೆಟ್ರೋ, ಐಫೆಲ್ ಟವರ್ ಸುತ್ತಮುತ್ತ, ರೋಮ್ ಮತ್ತು ಮಿಲಾನ್‌ನ ರೈಲ್ವೆ ಸ್ಟೇಷನ್, ಇವೆಲ್ಲ ಜೇಬುಗಳ್ಳರ ಜಾಗಗಳು. ನಮ್ಮಂಥ ವಯಸ್ಸಾದ ಪ್ರವಾಸಿಗರೇ ಅವರಿಗೆ ಬೇಕು. ಕಾರ್ಡ್ ಹೋದರೆ ಬ್ಲಾಕ್ ಮಾಡಿ ಇನ್ನೊಂದರಲ್ಲಿ ನಡೆಸಬಹುದು. ನೋಟು ಹೋದರೆ ಹೋಯಿತು.

ಹಿಂದೆ ಇದಕ್ಕೆ ಟ್ರಾವೆಲರ್ಸ್ ಚೆಕ್ ಅಂತ ಇತ್ತು. ಅಮೆರಿಕನ್ ಎಕ್ಸ್‌ಪ್ರೆಸ್‌ನವರು 1891ರಲ್ಲಿ ಶುರು ಮಾಡಿದ್ದು. ಕಳೆದರೂ ಹಣ ವಾಪಸ್ ಸಿಗುತ್ತಿತ್ತು. ನಿಮ್ಮ ಹಿರಿಯರು ಯಾರಾದರೂ ಅದನ್ನು ಹೊಗಳಿದರೆ ಅವರ ಕಾಲಕ್ಕೆ ಅದು ಸರಿ. ಈಗ ಅದನ್ನು ಹುಡುಕಿಕೊಂಡು ಹೋಗಬೇಡಿ, ತೆಗೆದುಕೊಳ್ಳುವ ಅಂಗಡಿಯೇ ಸಿಗುವುದು ಕಷ್ಟ.

ಹಾಗಂತ ಕ್ಯಾಶ್ ಬೇಡವೇ ಬೇಡ ಅಂತಲ್ಲ. ಇಬ್ಬರಿಗೂ ಸೇರಿ 300 ಯುರೋ ನೋಟು ಇರಲಿ. ಎಲ್ಲ 10, 20, 50ರ ನೋಟುಗಳು. ಕೌಂಟರಿನಲ್ಲಿ 200ರ ನೋಟು ಕೊಟ್ಟರೆ ಬೇಡ ಅನ್ನಿ, ಎಷ್ಟೋ ಸಣ್ಣ ಅಂಗಡಿಯವರು ಅದನ್ನು ಮುಟ್ಟುವುದಿಲ್ಲ. 500ರ ನೋಟನ್ನಂತೂ 2019ರಿಂದ ಹೊಸದಾಗಿ ಬಿಡುಗಡೆ ಮಾಡುತ್ತಿಲ್ಲ. ಕೈಯಲ್ಲಿರುವುದು ಚಲಾವಣೆಯಲ್ಲೇ ಇದೆ, ಆದರೆ ಅಂಗಡಿಯವನು ಅನುಮಾನದಿಂದ ನೋಡುತ್ತಾನೆ. ಸಿಕ್ಕ ಚಿಲ್ಲರೆಯಲ್ಲಿ 50 ಸೆಂಟ್, 1 ಯುರೋ ನಾಣ್ಯ ಬಂದರೆ ಜೋಪಾನ ಮಾಡಿ. ಟಾಯ್ಲೆಟ್‌ಗೆ ಬೇಕು. ಯುರೋಪಿನ ಹೆದ್ದಾರಿಯಲ್ಲಿ, ಸ್ಟೇಷನ್‌ಗಳಲ್ಲಿ ಟಾಯ್ಲೆಟ್‌ಗೆ ದುಡ್ಡು ಕೊಡಬೇಕಾದ ಕಡೆ ಜಾಸ್ತಿ. ಶುಗರ್ ಇರುವವರಿಗೆ ಇದು ಸಣ್ಣ ವಿಷಯವಲ್ಲ.

ಇಟಲಿಯ ಹೋಟೆಲ್‌ಗಳಲ್ಲಿ ಊರಿನ ತೆರಿಗೆ ಅಂತ ತಲೆಗೆ, ರಾತ್ರಿಗೆ ಇಷ್ಟು ಅಂತ ಬೇರೆಯಾಗಿ ಕೇಳುವುದುಂಟು, ಅದೂ ಕ್ಯಾಶ್‌ನಲ್ಲಿ. ಪ್ಯಾಕೇಜಿನಲ್ಲಿ ಅದು ಸೇರಿದೆಯಾ ಅಂತ ಟೂರ್ ಕಂಪನಿಯನ್ನು ಈಗಲೇ ಕೇಳಿ. ಸ್ವಿಟ್ಜರ್ಲೆಂಡ್‌ನಲ್ಲಿ ನಡೆಯುವುದು ಯುರೋ ಅಲ್ಲ, ಫ್ರಾಂಕ್. ಪ್ರವಾಸಿಗರ ಜಾಗಗಳಲ್ಲಿ ಯುರೋ ನೋಟು ತೆಗೆದುಕೊಳ್ಳುತ್ತಾರೆ, ಚಿಲ್ಲರೆ ಮಾತ್ರ ಫ್ರಾಂಕ್‌ನಲ್ಲಿ ಕೊಡುತ್ತಾರೆ, ಅದೂ ತಮಗೆ ಅನುಕೂಲವಾದ ರೇಟಿನಲ್ಲಿ. ಅಲ್ಲಿ ಕಾರ್ಡೇ ಒಳ್ಳೆಯದು. ಬೇಕಿದ್ದರೆ 50 ಫ್ರಾಂಕ್ ನೋಟು ಇಟ್ಟುಕೊಳ್ಳಿ, ಸಾಕು.

ಇನ್ನು ರೇಟಿನ ವಿಷಯ. ಜನ ಜಾಸ್ತಿ ದುಡ್ಡು ಕಳೆದುಕೊಳ್ಳುವುದು ಕಳ್ಳರಿಂದಲ್ಲ, ಇಲ್ಲಿ. ಹೋಗುವುದು ಗೊತ್ತೂ ಆಗುವುದಿಲ್ಲ.

‘ನಮ್ಮಲ್ಲಿ ಕಮಿಷನ್ ಇಲ್ಲ’ ಅಂತ ಬೋರ್ಡ್ ಇರುತ್ತದೆ. ನಿಜ, ಕಮಿಷನ್ ಇರುವುದಿಲ್ಲ. ಅದನ್ನು ರೇಟಿನೊಳಗೇ ಸೇರಿಸಿರುತ್ತಾರೆ. ಲೆಕ್ಕಕ್ಕೆ ಸುಲಭವಾಗಲಿ ಅಂತ ಒಂದು ಯುರೋಗೆ ಮಾರುಕಟ್ಟೆ ರೇಟು 100 ರೂಪಾಯಿ ಅಂತ ಇಟ್ಟುಕೊಳ್ಳಿ. ಒಬ್ಬ, ಕಮಿಷನ್ ಇಲ್ಲದೆ 103.50ಕ್ಕೆ ಕೊಡುತ್ತೇನೆ ಅನ್ನುತ್ತಾನೆ. ಇನ್ನೊಬ್ಬ, 101.50, ಮೇಲೆ 200 ರೂಪಾಯಿ ಚಾರ್ಜ್ ಅನ್ನುತ್ತಾನೆ. ಕಿವಿಗೆ ಮೊದಲನೆಯದೇ ಹಿತ. ಆದರೆ 1,000 ಯುರೋ ಕೊಳ್ಳುವಾಗ ಮೊದಲನೆಯವನ ಹತ್ತಿರ ಸುಮಾರು 1,800 ರೂಪಾಯಿ ಜಾಸ್ತಿ ಹೋಗುತ್ತದೆ. ಜಿಎಸ್‌ಟಿ ಇಬ್ಬರಲ್ಲೂ ಇದೆ, ಅದು ದೊಡ್ಡದಲ್ಲ. ಒಂದು ಲಕ್ಷ ರೂಪಾಯಿಯ ವಿನಿಮಯಕ್ಕೆ 180 ರೂಪಾಯಿ.

ನೀವು ಪಾರ್ಚ್‌ಮೆಂಟ್ ಕಾಫಿ ಕೊಡುವಾಗ ಮೂಟೆಗೆ ಎಷ್ಟು ಅಂತ ಮಾತ್ರ ಕೇಳಿ ಸುಮ್ಮನಾಗುವುದಿಲ್ಲ ಅಲ್ವಾ? ಓಟಿ, ಅಂದರೆ ಮೂಟೆಗೆ ಸಿಗುವ ಕಾಳಿನ ಪ್ರಮಾಣ, ಎಷ್ಟು ಬಂತು, ತೇವ ಎಷ್ಟು ಹಿಡಿದರು, ಕೊನೆಗೆ ಕೈಗೆ ಎಷ್ಟು ಅಂತ ನೋಡುತ್ತೀರಿ. ಇಲ್ಲೂ ಕೇಳಬೇಕಾದ ಪ್ರಶ್ನೆ ಅದೇ: ‘ಎಲ್ಲ ಸೇರಿ ನನ್ನ ಖಾತೆಯಿಂದ ಎಷ್ಟು ರೂಪಾಯಿ ಹೋಗುತ್ತೆ, ನನ್ನ ಕೈಗೆ ಎಷ್ಟು ಯುರೋ ಬರುತ್ತೆ?’ ಎರಡು ಮೂರು ಕಡೆ ಒಂದೇ ದಿನ ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಕೇಳಿದ ತಕ್ಷಣ ಕೆಲವರು ತಾವಾಗಿಯೇ 50 ಪೈಸೆ ಇಳಿಸುತ್ತಾರೆ. ಇದನ್ನು ನಾನು ಕೌಂಟರಿನ ಒಳಗಡೆ ಕೂತವನಾಗಿಯೇ ಹೇಳುತ್ತಿದ್ದೇನೆ.

ಮೂಡಿಗೆರೆ, ಬೇಲೂರು ಕಡೆಯ ಎಲ್ಲ ಶಾಖೆಗಳಲ್ಲೂ ವಿದೇಶಿ ನೋಟು ಇಟ್ಟಿರುವುದಿಲ್ಲ. ದೊಡ್ಡ ಶಾಖೆಗೆ ಬರೆದು ತರಿಸಬೇಕಾಗುತ್ತದೆ. ಹೊರಡುವ ಹಿಂದಿನ ದಿನ ಕೇಳಿದರೆ ಆಗದು. ಹತ್ತು ಹನ್ನೆರಡು ದಿನ ಮುಂಚೆ ಹೇಳಿಡಿ. ಪಾಸ್‌ಪೋರ್ಟ್, ವೀಸಾ, ಟಿಕೆಟ್, ಪ್ಯಾನ್ ಕೇಳುತ್ತಾರೆ. ಎ2 ಅನ್ನುವ ಅರ್ಜಿ ತುಂಬಬೇಕು. ರೂಪಾಯಿಯನ್ನು ಕ್ಯಾಶ್‌ನಲ್ಲಿ ಕೊಡುವುದಾದರೆ 50,000ಕ್ಕಿಂತ ಕಡಿಮೆ ಇರಬೇಕು. ಅದಕ್ಕೆ ಮೇಲಿನದು ಖಾತೆಯಿಂದಲೇ ಹೋಗಬೇಕು. ತುಂಬಾ ಮೊದಲೇ ಕೊಂಡಿಡುವುದೂ ಬೇಡ, ಕೊಂಡ ಮೇಲೆ 60 ದಿನದೊಳಗೆ ಪ್ರಯಾಣ ಇರಬೇಕು ಅನ್ನುವ ನಿಯಮ ಇದೆ. ಏರ್‌ಪೋರ್ಟ್‌ಗೆ ಹೋಗಿ ಕೊಳ್ಳೋಣ ಅಂತ ಮಾತ್ರ ಬಿಡಬೇಡಿ. ದೇವನಹಳ್ಳಿಯಾಗಲಿ ಬಜ್ಪೆಯಾಗಲಿ, ಏರ್‌ಪೋರ್ಟ್ ಕೌಂಟರಿನ ರೇಟು ಊರೊಳಗಿನದಕ್ಕಿಂತ ದುಬಾರಿಯೇ.

‘ನನ್ನ ಸ್ನೇಹಿತನ ಹತ್ರ ಯುರೋ ಇದೆ, ಒಳ್ಳೆ ರೇಟಿಗೆ ಕೊಡ್ತಾನೆ’ ಅಂತ ಯಾರಾದರೂ ಬಂದರೆ ಬಾಗಿಲಲ್ಲೇ ಕಳಿಸಿ. ಬ್ಯಾಂಕು ಅಥವಾ ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಇರುವ ಮನಿ ಚೇಂಜರ್ ಬಿಟ್ಟು ಬೇರೆ ಯಾರ ಹತ್ತಿರವೂ ಕೊಳ್ಳುವಂತಿಲ್ಲ. ಅದು ವಿದೇಶಿ ವಿನಿಮಯ ಕಾನೂನಿಗೆ ವಿರುದ್ಧ. ನೋಟು ಖೋಟಾ ಬಂದರೆ ಕೇಳುವವರೂ ಇಲ್ಲ. ಬ್ಯಾಂಕಿನ ರಸೀದಿಯನ್ನು ಪಾಸ್‌ಪೋರ್ಟ್ ಜೊತೆ ಇಟ್ಟುಕೊಳ್ಳಿ.

ಫಾರೆಕ್ಸ್ ಕಾರ್ಡ್ ಬಗ್ಗೆ ಬ್ಯಾಂಕಿನವರು ಹೇಳಿದ್ದು ಸರಿ. ನಿಮ್ಮಂಥ ಪ್ರವಾಸಕ್ಕೆ ಮುಖ್ಯ ಆಸರೆ ಅದೇ ಆಗಲಿ. ಇಲ್ಲೇ ರೂಪಾಯಿ ಕೊಟ್ಟು ಯುರೋ ತುಂಬಿಸುತ್ತೀರಿ, ರೇಟು ಆವತ್ತೇ ಖಾಯಂ ಆಗುತ್ತದೆ. ಆಮೇಲೆ ರೂಪಾಯಿ ಬಿದ್ದರೂ ನಿಮಗೆ ಚಿಂತೆ ಇಲ್ಲ. ಕಾಫಿ ಬೆಳೆಗಾರರಿಗೆ ಡಾಲರ್ ಏರಿದರೆ ಖುಷಿ, ಆದರೆ ಪ್ರವಾಸಕ್ಕೆ ಹೊರಟ ತಿಂಗಳಲ್ಲಿ ಅದೇ ಏರಿಕೆ ಜೇಬಿಗೆ ಬೀಳುತ್ತದೆ. ರೇಟು ಇನ್ನೂ ಇಳಿಯಲಿ ಅಂತ ಕಾಯುತ್ತಾ ಕೂರಬೇಡಿ. ಅರ್ಧ ಈಗ, ಅರ್ಧ ಹೊರಡುವ ವಾರ ತುಂಬಿಸಿ.

ಆ ಕಾರ್ಡಿನ ಎರಡು ವಿಷಯ ಮಾತ್ರ ಗಮನಿಸಿ. ಒಂದೇ ಕಾರ್ಡಿನಲ್ಲಿ ಹಲವು ಕರೆನ್ಸಿ ಇಡಬಹುದು. ಯುರೋ ಮಾತ್ರ ತುಂಬಿಸಿ ಸ್ವಿಟ್ಜರ್ಲೆಂಡ್‌ನಲ್ಲಿ ಉಜ್ಜಿದರೆ, ಯುರೋದಿಂದ ಫ್ರಾಂಕ್‌ಗೆ ಬದಲಿಸಲು ಇನ್ನೊಂದು ಶುಲ್ಕ ಕಡಿಯುತ್ತಾರೆ. ಅದಕ್ಕೇ ಯಜಮಾನರ ಕಾರ್ಡಿನಲ್ಲಿ 150 ಫ್ರಾಂಕ್ ಬೇರೆಯಾಗಿ ತುಂಬಿಸಿ. ಇನ್ನೊಂದು, ಫಾರೆಕ್ಸ್ ಕಾರ್ಡ್ ಭಾರತದಲ್ಲಿ ನಡೆಯುವುದಿಲ್ಲ, ನೇಪಾಳ, ಭೂತಾನ್‌ನಲ್ಲೂ ಇಲ್ಲ. ಅಂದರೆ ಹೊರಡುವ ಮುಂಚೆ ಪರೀಕ್ಷೆ ಮಾಡಿ ನೋಡಲಾಗುವುದಿಲ್ಲ. ಹಾಗಾಗಿ ಕಾರ್ಡ್ ಚಾಲೂ ಆಗಿದೆಯಾ, ಪಿನ್ ಹಾಕಿದ್ದಾಯಿತಾ, ಬ್ಯಾಲೆನ್ಸ್ ತೋರಿಸುತ್ತಿದೆಯಾ ಅಂತ ಬ್ಯಾಂಕಿನ ಕೌಂಟರಿನಲ್ಲೇ ಕೂತು ಅವರ ಮುಂದೆಯೇ ಆ್ಯಪ್ ತೆಗೆದು ನೋಡಿಕೊಳ್ಳಿ. ಸಂಕೋಚ ಬೇಡ, ಅದು ಅವರ ಕೆಲಸ.

ಅಣ್ಣನ ಮಗ ಹೇಳಿದ ಕ್ರೆಡಿಟ್ ಕಾರ್ಡೂ ಜೊತೆಗಿರಲಿ, ಆದರೆ ಆಪತ್ತಿಗೆ ಮಾತ್ರ. ಬಹಳಷ್ಟು ಕಾರ್ಡ್‌ಗಳು ವಿದೇಶಿ ಖರ್ಚಿಗೆ ಶೇ 3.5ರವರೆಗೆ ಮಾರ್ಕಪ್, ಅಂದರೆ ಹೆಚ್ಚುವರಿ ಶುಲ್ಕ, ಹಾಕುತ್ತವೆ. ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿ ಶೇ 4.13 ಆಗುತ್ತದೆ. 100 ಯುರೋ ಖರ್ಚಿಗೆ, ನಮ್ಮ ಲೆಕ್ಕದಲ್ಲಿ, 413 ರೂಪಾಯಿ. ಮಾರ್ಕಪ್ ಇಲ್ಲದ ಕಾರ್ಡ್‌ಗಳೂ ಇವೆ. ನಿಮ್ಮ ಅಣ್ಣನ ಮಗನ ಹತ್ತಿರ ಅಂಥದ್ದು ಇರಬಹುದು, ಅದಕ್ಕೇ ಅವನು ಹಾಗೆ ಹೇಳಿರಬಹುದು. ನಿಮ್ಮದು ಯಾವುದು ಅಂತ ನೋಡಿ. ಕ್ರೆಡಿಟ್ ಕಾರ್ಡಿಂದ ಎಟಿಎಂನಲ್ಲಿ ಕ್ಯಾಶ್ ತೆಗೆಯುವುದನ್ನು ಮಾತ್ರ ಮಾಡಲೇಬೇಡಿ. ಶುಲ್ಕ ಒಂದು ಕಡೆ, ತೆಗೆದ ದಿನದಿಂದಲೇ ಬಡ್ಡಿ ಇನ್ನೊಂದು ಕಡೆ.

ಮನೆಯಲ್ಲೇ ಮಾಡಿಕೊಳ್ಳಬೇಕಾದ ಒಂದು ಕೆಲಸ ಇದೆ, ಅರ್ಧಕ್ಕರ್ಧ ಜನ ಮರೆಯುವುದು. 2020ರ ಮಾರ್ಚ್‌ನಿಂದ ರಿಸರ್ವ್ ಬ್ಯಾಂಕ್ ನಿಯಮದಂತೆ ಹೊಸ ಡೆಬಿಟ್, ಕ್ರೆಡಿಟ್ ಕಾರ್ಡ್‌ಗಳು ದೇಶದೊಳಗೆ ಮಾತ್ರ ನಡೆಯುವಂತೆ ಬರುತ್ತವೆ. ವಿದೇಶದ ಬಳಕೆಯನ್ನು ನಾವೇ ಆನ್ ಮಾಡಬೇಕು. ಬ್ಯಾಂಕಿನ ಆ್ಯಪ್‌ನಲ್ಲಿ ಎಟಿಎಂ, ಅಂಗಡಿ, ಆನ್‌ಲೈನ್, ಟ್ಯಾಪ್ ಅಂತ ಬೇರೆ ಬೇರೆ ಸ್ವಿಚ್ ಇರುತ್ತವೆ. ಎಟಿಎಂ ಮತ್ತು ಅಂಗಡಿ ಆನ್ ಮಾಡಿ, ದಿನದ ಮಿತಿ 30,000 ರೂಪಾಯಿಗೆ ಇಡಿ. ಆನ್‌ಲೈನ್ ಆಫ್ ಇರಲಿ. ಯಾಕೆಂದರೆ ವಿದೇಶದ ಎಷ್ಟೋ ವೆಬ್‌ಸೈಟ್‌ಗಳು ಒಟಿಪಿ ಕೇಳದೆಯೇ ಹಣ ಎಳೆದುಬಿಡುತ್ತವೆ. ವಾಪಸ್ ಬಂದ ದಿನ ಎಲ್ಲ ಆಫ್ ಮಾಡಿ.

ಇನ್ನು ಅಲ್ಲಿಗೆ ಹೋದ ಮೇಲೆ ಒಂದೇ ಒಂದು ಮಾತು ನೆನಪಿಡಿ ಅಂದರೆ ಇದನ್ನು ಹೇಳುತ್ತೇನೆ. ವೆನಿಸ್‌ನಲ್ಲಿ ಊಟ ಮಾಡಿದ್ದೀರಿ, ಬಿಲ್ಲು 64 ಯುರೋ. ಕಾರ್ಡ್ ಹಾಕಿದ ತಕ್ಷಣ ಮಷಿನ್ನಿನ ಪರದೆ ಮೇಲೆ ಎರಡು ಸಾಲು ಬರುತ್ತದೆ. ಒಂದರಲ್ಲಿ 64 ಯುರೋ, ಇನ್ನೊಂದರಲ್ಲಿ 6,850 ರೂಪಾಯಿ. ರೂಪಾಯಿ ನೋಡಿದರೆ ನಮ್ಮ ಮನಸ್ಸಿಗೆ ಸಮಾಧಾನ, ಗೊತ್ತಿರುವ ಲೆಕ್ಕ ಅಲ್ವಾ. ಆದರೆ 100ರ ರೇಟಿನಲ್ಲಿ ಅದು 6,400 ಆಗಬೇಕಿತ್ತು. ಮೇಲಿನ 450 ರೂಪಾಯಿ ಆ ಮಷಿನ್ ನಡೆಸುವವರ ಮತ್ತು ಅಂಗಡಿಯವರ ಪಾಲು. ಅಷ್ಟಕ್ಕೇ ಮುಗಿಯದೆ, ರೂಪಾಯಿಯಲ್ಲಿ ಕೊಟ್ಟರೂ ಕೆಲವು ಬ್ಯಾಂಕ್‌ಗಳು ಇಲ್ಲಿ ಮತ್ತೆ ಶುಲ್ಕ ಹಾಕುತ್ತವೆ. ಯಾವಾಗಲೂ ಯುರೋ ಒತ್ತಿ. ಸ್ವಿಟ್ಜರ್ಲೆಂಡ್‌ನಲ್ಲಿ ಫ್ರಾಂಕ್ ಒತ್ತಿ. ರೂಪಾಯಿ ಬೇಡವೇ ಬೇಡ. ಸಪ್ಲೈಯರ್ ತಾನೇ ಒತ್ತಲು ಬಂದರೆ ಮಷಿನ್ ಕೈಗೆ ತೆಗೆದುಕೊಳ್ಳಿ. ‘ಯುರೋ, ಯುರೋ’ ಅಂದರೆ ಸಾಕು, ಅವರಿಗೆ ಅರ್ಥವಾಗುತ್ತದೆ.

ಎಟಿಎಂನಲ್ಲೂ ಇದೇ ಆಟ ಇದೆ. ಹಣ ಬರುವ ಮುಂಚೆ ‘ಅಕ್ಸೆಪ್ಟ್ ಕನ್ವರ್ಷನ್’, ‘ಡಿಕ್ಲೈನ್ ಕನ್ವರ್ಷನ್’ ಅಂತ ಎರಡು ಗುಂಡಿ ತೋರಿಸುತ್ತದೆ. ಡಿಕ್ಲೈನ್ ಒತ್ತಿದರೆ ಹಣವೇ ಬರುವುದಿಲ್ಲವೇನೋ ಅಂತ ಜನ ಹೆದರುತ್ತಾರೆ. ಬರುತ್ತದೆ. ಬೇಡ ಅಂದದ್ದು ಅವರ ರೇಟನ್ನು ಮಾತ್ರ. ಧೈರ್ಯವಾಗಿ ಡಿಕ್ಲೈನ್ ಒತ್ತಿ. ಪ್ರವಾಸಿಗರ ಬೀದಿಯಲ್ಲಿ, ಐಸ್‌ಕ್ರೀಮ್ ಅಂಗಡಿ ಪಕ್ಕ ಒಂಟಿಯಾಗಿ ನಿಂತ ಎಟಿಎಂ ಬಿಟ್ಟು, ನಿಜವಾದ ಬ್ಯಾಂಕಿನ ಗೋಡೆಯಲ್ಲಿರುವುದನ್ನು ಹುಡುಕಿ. ಹಗಲು ಹೊತ್ತು, ಬ್ಯಾಂಕ್ ತೆರೆದಿರುವಾಗ ತೆಗೆಯಿರಿ. ಕಾರ್ಡ್ ಒಳಗೆ ಸಿಕ್ಕಿಹಾಕಿಕೊಂಡರೆ ಕೇಳಲು ಒಬ್ಬರಾದರೂ ಇರುತ್ತಾರೆ. ಪ್ರತಿ ಸಲಕ್ಕೂ ಶುಲ್ಕ ಇರುವುದರಿಂದ 30, 40 ಅಂತ ಸಣ್ಣ ಸಣ್ಣದಾಗಿ ತೆಗೆಯಬೇಡಿ. 150 ಒಂದೇ ಸಲ ತೆಗೆಯಿರಿ.

ಯುಪಿಐ ಬಗ್ಗೆ ಹೇಳುವುದಾದರೆ, ಫ್ರಾನ್ಸ್‌ನಲ್ಲಿ 2024ರ ಫೆಬ್ರುವರಿಯಲ್ಲಿ ಐಫೆಲ್ ಟವರ್ ಟಿಕೆಟ್‌ನಿಂದ ಶುರುವಾಯಿತು. ಖುಷಿಯ ವಿಷಯವೇ. ಆದರೆ ನೀವು ಹೋಗುವ ಕಡೆ ಊಟ, ಬಸ್ಸು, ಔಷಧಿಗೆ ಅದನ್ನು ನೆಚ್ಚಿಕೊಳ್ಳಲು ಆಗುವುದಿಲ್ಲ. ಭೂತಾನ್, ನೇಪಾಳ, ಶ್ರೀಲಂಕಾ, ಮಾರಿಷಸ್‌ಗೆ ಹೋಗುವವರಾದರೆ ಬೇರೆ ಮಾತು.

ಫೋನ್ ವಿಷಯ ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಬ್ಯಾಂಕಿನ ಒಟಿಪಿ ಬರುವುದು ನಿಮ್ಮ ಇಲ್ಲಿನ ನಂಬರಿಗೆ. ಅಲ್ಲಿ ಬೇರೆ ಸಿಮ್ ಹಾಕಿಕೊಂಡು ಇದನ್ನು ತೆಗೆದು ಸೂಟ್‌ಕೇಸಿನಲ್ಲಿಟ್ಟರೆ ಅಗತ್ಯದ ಹೊತ್ತಿಗೆ ಒಟಿಪಿ ಸಿಗುವುದಿಲ್ಲ. ರೋಮಿಂಗ್ ಹಾಕಿಸಿ, ಎಸ್‌ಎಂಎಸ್ ಬರುತ್ತದಾ ಅಂತ ಕಂಪನಿಯವರನ್ನು ಕೇಳಿ ಖಾತ್ರಿ ಮಾಡಿಕೊಳ್ಳಿ. ಬ್ಯಾಂಕಿನ ಆ್ಯಪ್ ಯಜಮಾನರ ಫೋನಿನಲ್ಲಿ ಮಾತ್ರ ಇದ್ದರೆ ನಿಮ್ಮ ಫೋನಿನಲ್ಲಿ ನಿಮ್ಮ ಲಾಗಿನ್ ಹಾಕಿಸಿಕೊಳ್ಳಿ. ಹಾಗೆಯೇ ಒಂದು ಕಾಗದದಲ್ಲಿ ಬ್ಯಾಂಕಿನ ಸಹಾಯವಾಣಿ, ಟ್ರಾವೆಲ್ ಇನ್ಶೂರೆನ್ಸ್‌ನವರ ನಂಬರ್, ಮಗಳ ನಂಬರ್ ಬರೆದುಕೊಳ್ಳಿ. ಬ್ಯಾಂಕಿನದು 1800 ಅಂತ ಶುರುವಾಗುವ ನಂಬರ್ ಆದರೆ ವಿದೇಶದಿಂದ ಸಾಮಾನ್ಯವಾಗಿ ಹೋಗುವುದಿಲ್ಲ. +91 ಇರುವ ನಂಬರ್ ಕೇಳಿ ಪಡೆಯಿರಿ. ಅದು ಕಾರ್ಡಿನ ಹಿಂದೆಯೂ ಇರಬಹುದು, ಆದರೆ ಕಾರ್ಡೇ ಕಳೆದಾಗ ಹಿಂದೆ ಏನಿತ್ತು ಅಂತ ಎಲ್ಲಿ ನೋಡುವುದು?

ಕಾರ್ಡ್ ಕಳೆದದ್ದು ಗೊತ್ತಾದ ನಿಮಿಷವೇ ಫೋನ್ ಮಾಡಿ ಬ್ಲಾಕ್ ಮಾಡಿಸಿ, ದೂರಿನ ನಂಬರ್ ಬರೆದುಕೊಳ್ಳಿ. ನೀವು ತಿಳಿಸಿದ ಮೇಲೆ ಆಗುವ ಕಳ್ಳ ಖರ್ಚು ಬ್ಯಾಂಕಿನ ತಲೆ ಮೇಲೆ. ಹೋಟೆಲ್‌ಗೆ ಹೋಗಿ ಗಂಡನನ್ನು ಕೇಳಿ ಆಮೇಲೆ ಮಾಡೋಣ ಅಂತ ಕಾಯಬೇಡಿ.

ಎಲ್ಲಿ ಇಟ್ಟುಕೊಳ್ಳುವುದು? ಪರಿಚಯದ ಟೈಲರ್ ಹತ್ತಿರ ಹೋಗಿ ನಿಮ್ಮ ಲಂಗಕ್ಕೋ ಚೂಡಿದಾರದ ಪ್ಯಾಂಟಿಗೋ ಜಿಪ್ ಇರುವ ಒಳಜೇಬು ಹೊಲಿಸಿಕೊಳ್ಳಿ. ಪಾಸ್‌ಪೋರ್ಟ್ ಹಿಡಿಸುವಷ್ಟು ದೊಡ್ಡದಾಗಿರಲಿ. ಯಜಮಾನರಿಗೂ ಪ್ಯಾಂಟಿನ ಒಳಗಡೆ ಒಂದು. ಹೊರಗಿನ ಪರ್ಸಿನಲ್ಲಿ ಆ ದಿನದ ಖರ್ಚಿಗೆ 40, 50 ಯುರೋ ಮತ್ತು ಒಂದು ಕಾರ್ಡ್. ಮಿಕ್ಕಿದ್ದು ಒಳಜೇಬಿಗೆ. ಒಬ್ಬರ ಫಾರೆಕ್ಸ್ ಕಾರ್ಡ್, ಇನ್ನೊಬ್ಬರ ಡೆಬಿಟ್ ಕಾರ್ಡ್ ಬೇರೆ ಬೇರೆ ಜಾಗದಲ್ಲಿರಲಿ. ವಿಮಾನಕ್ಕೆ ಹಾಕುವ ಸೂಟ್‌ಕೇಸಿನಲ್ಲಿ ದುಡ್ಡೂ ಬೇಡ, ಕಾರ್ಡೂ ಬೇಡ.

ಎಷ್ಟು ಬೇಕು ಅಂತ ಕೇಳಿದ್ದೀರಿ. ನಿಮ್ಮ ಪ್ಯಾಕೇಜಿನಲ್ಲಿ ಹೋಟೆಲ್, ಬೆಳಗಿನ ತಿಂಡಿ, ರಾತ್ರಿ ಊಟ ಇದ್ದರೆ ಉಳಿಯುವುದು ಮಧ್ಯಾಹ್ನದ ಊಟ, ನೀರು, ಕಾಫಿ, ಟಾಯ್ಲೆಟ್, ಸಣ್ಣಪುಟ್ಟ ಶಾಪಿಂಗ್. ಸಾಧಾರಣ ಜಾಗದಲ್ಲಿ ಒಬ್ಬರ ಮಧ್ಯಾಹ್ನದ ಊಟಕ್ಕೆ 15ರಿಂದ 20 ಯುರೋ ಹಿಡಿಯಿರಿ. ಸ್ವಿಟ್ಜರ್ಲೆಂಡ್‌ನಲ್ಲಿ ಅದಕ್ಕಿಂತ ಜಾಸ್ತಿ. ಇಟಲಿಯಲ್ಲಿ ಕೌಂಟರಿನಲ್ಲಿ ನಿಂತು ಎಸ್‌ಪ್ರೆಸೊ ಕುಡಿದರೆ ಒಂದೂವರೆ ಯುರೋ ಒಳಗೇ ಮುಗಿಯುತ್ತದೆ. ಅದೇ ಕಾಫಿಯನ್ನು ಚೌಕದಲ್ಲಿ ಕುರ್ಚಿ ಮೇಲೆ ಕೂತು ಕುಡಿದರೆ ಎರಡು ಮೂರು ಪಟ್ಟು. ಬೆಳೆಗಾರರಾದ ನೀವು ಒಮ್ಮೆಯಾದರೂ ಕೌಂಟರಿನಲ್ಲಿ ನಿಂತು ಕುಡಿಯಿರಿ, ಅಲ್ಲಿ ನಮ್ಮ ಕಡೆಯ ರೋಬಸ್ಟಾ ಕೂಡ ಸೇರಿರಬಹುದು. ಇಟಲಿ ನಮ್ಮ ಕಾಫಿಯನ್ನು ಜಾಸ್ತಿ ಕೊಳ್ಳುವ ದೇಶಗಳಲ್ಲಿ ಒಂದು.

ಈ ಲೆಕ್ಕದಲ್ಲಿ ಇಬ್ಬರಿಗೂ ಸೇರಿ 300 ಯುರೋ ಕ್ಯಾಶ್, ನಿಮ್ಮ ಕಾರ್ಡಿನಲ್ಲಿ 500 ಯುರೋ, ಯಜಮಾನರ ಕಾರ್ಡಿನಲ್ಲಿ 500 ಯುರೋ ಮತ್ತು ಆ 150 ಫ್ರಾಂಕ್. ಹಿಂದೆ ಡೆಬಿಟ್, ಕ್ರೆಡಿಟ್ ಕಾರ್ಡ್ ಇದ್ದೇ ಇರುತ್ತದೆ. ಇದಕ್ಕಿಂತ ಜಾಸ್ತಿ ತುಂಬಿಸಬೇಡಿ, ಉಳಿದದ್ದನ್ನು ವಾಪಸ್ ಮಾರುವಾಗ ರೇಟು ಕಡಿಮೆ ಸಿಗುತ್ತದೆ. ಕಡಿಮೆ ಬಿದ್ದರೆ ಅಲ್ಲಿಂದಲೇ ಆ್ಯಪ್‌ನಲ್ಲಿ ಮತ್ತೆ ತುಂಬಿಸುವ ಸೌಲಭ್ಯ ಬಹಳ ಕಾರ್ಡ್‌ಗಳಲ್ಲಿದೆ. ಟಿಸಿಎಸ್ ಅಂತ, ಅಂದರೆ ಹಣ ಕೊಡುವಾಗಲೇ ಮುಂಗಡವಾಗಿ ಹಿಡಿಯುವ ತೆರಿಗೆ ಅಂತ, ಯಾರೋ ಹೆದರಿಸಿರಬಹುದು. ಪ್ರವಾಸಕ್ಕೆ ಅಂತ ನೀವು ಕೊಳ್ಳುವ ವಿದೇಶಿ ಹಣಕ್ಕೆ ಅದು ಬರುವುದು ವರ್ಷಕ್ಕೆ ಒಬ್ಬರಿಗೆ 10 ಲಕ್ಷ ರೂಪಾಯಿ ದಾಟಿದ ಮೇಲೆ. ಟೂರ್ ಪ್ಯಾಕೇಜಿಗೆ ಹಿಡಿಯುವ ಟಿಸಿಎಸ್ ಬೇರೆ. ಅದರ ರಸೀದಿ ಇಟ್ಟುಕೊಂಡಿದ್ದರೆ ಆದಾಯ ತೆರಿಗೆ ರಿಟರ್ನ್ ಹಾಕುವಾಗ ಲೆಕ್ಕಕ್ಕೆ ಬರುತ್ತದೆ.

ಮ್ಯೂನಿಕ್‌ನಲ್ಲಿ ಮಗಳು ನಿಮ್ಮ ಜೇಬಿಗೆ ಕೈ ಹಾಕಲು ಬಿಡುವುದಿಲ್ಲ ಅಂತ ಗೊತ್ತು. ಆದರೂ ಜರ್ಮನಿಯಲ್ಲಿ ಕ್ಯಾಶ್ ಇನ್ನೂ ಬೇಕಾಗುವ ಜಾಗಗಳಿವೆ, ಬೇಕರಿ, ವಾರದ ಸಂತೆ ಥರದವು. ಪ್ಲಾಸ್ಟಿಕ್ ನೀರಿನ ಬಾಟಲಿಗೆ 25 ಸೆಂಟ್ ಠೇವಣಿ ಹಿಡಿಯುತ್ತಾರೆ. ಖಾಲಿ ಬಾಟಲಿಯನ್ನು ಸೂಪರ್ ಮಾರ್ಕೆಟ್‌ನ ಮಷಿನ್ನಿಗೆ ಹಾಕಿದರೆ ಆ ದುಡ್ಡು ವಾಪಸ್. ಬಿಸಾಡಬೇಡಿ.

ಮಗಳು ಯುರೋಪಿನಲ್ಲೇ ಇರುವುದು ನಿಮಗೆ ಇನ್ನೊಂದು ದೊಡ್ಡ ಆಸರೆ. ಎಲ್ಲ ಕಾರ್ಡೂ ಕೈಕೊಟ್ಟಿತು ಅಂತಿಟ್ಟುಕೊಳ್ಳಿ. ಊರಿಂದ ಅಣ್ಣನ ಮಗ ವೆಸ್ಟರ್ನ್ ಯೂನಿಯನ್‌ನಂಥ ಕೌಂಟರಿಗೆ ಹೋಗಿ ನಿಮಗೆ ಕಳಿಸಲು ಆಗುವುದಿಲ್ಲ. ನಮ್ಮ ದೇಶದಲ್ಲಿ ಆ ಕೌಂಟರ್‌ಗಳು ಹೊರಗಿಂದ ಬರುವ ಹಣಕ್ಕೆ ಮಾತ್ರ. ಆದರೆ ಮಗಳು ಮ್ಯೂನಿಕ್‌ನಿಂದ ರೋಮ್‌ಗೆ ಕಳಿಸಬಹುದು, ನೀವು ಪಾಸ್‌ಪೋರ್ಟ್ ತೋರಿಸಿ ಪಡೆಯಬಹುದು. ಪಾಸ್‌ಪೋರ್ಟ್‌ನಲ್ಲಿ ನಿಮ್ಮ ಹೆಸರು ಹೇಗಿದೆಯೋ ಅಕ್ಷರ ತಪ್ಪದೆ ಹಾಗೇ ಬರೆಯಬೇಕು ಅಂತ ಅವಳಿಗೆ ಈಗಲೇ ಹೇಳಿಡಿ. ಎರಡೂ ಪಾಸ್‌ಪೋರ್ಟ್‌ಗಳ ಫೋಟೊ ಅವಳ ಹತ್ತಿರ ಇರಲಿ. ಆಸ್ಪತ್ರೆಯ ಖರ್ಚಿಗೆ ಇನ್ಶೂರೆನ್ಸ್ ಇದೆ, ನೀವು ಹೋಗುವ ದೇಶಗಳಿಗೆಲ್ಲ ಸೇರಿ ಕೊಡುವ ಷೆಂಗೆನ್ ವೀಸಾಗೆ ಕಡ್ಡಾಯ 30,000 ಯುರೋ ರಕ್ಷಣೆ ಇರಲೇಬೇಕು. ಆದರೆ ಸೇರಿಸಿದ ತಕ್ಷಣ ಇನ್ಶೂರೆನ್ಸ್‌ನವರಿಗೆ ಫೋನ್ ಮಾಡಬೇಕು. ಬಿಲ್ ಕಟ್ಟಿದ ಮೇಲೆ ಹೇಳಿದರೆ ಅಲೆದಾಟ.

ಭಾವ ಕೊಟ್ಟ 85 ಪೌಂಡ್ ನೀವು ಹೋಗುವ ಯಾವ ದೇಶದಲ್ಲೂ ನಡೆಯುವುದಿಲ್ಲ. ಮನೆಯಲ್ಲೇ ಬಿಟ್ಟು ಹೋಗಿ, ಆದರೆ ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಪ್ಲಾಸ್ಟಿಕ್ ಥರ ನುಣುಪಾಗಿದ್ದು ಒಂದು ಕಡೆ ಪಾರದರ್ಶಕ ಕಿಟಕಿ ಇದ್ದರೆ ಅದು ಹೊಸ ನೋಟು, ಮನಿ ಚೇಂಜರ್ ಕೊಳ್ಳುತ್ತಾರೆ. ಕಾಗದದ್ದಾದರೆ ಹಳೆಯದು. ಇಂಗ್ಲೆಂಡ್‌ನಲ್ಲಿ ಕಾಗದದ 20 ಮತ್ತು 50 ಪೌಂಡ್ ನೋಟುಗಳ ಚಲಾವಣೆ 2022ರ ಸೆಪ್ಟೆಂಬರ್ 30ಕ್ಕೆ ನಿಂತಿತು, 5 ಮತ್ತು 10ರದ್ದು ಅದಕ್ಕೂ ಮುಂಚೆಯೇ. ಇಲ್ಲಿ ಯಾರೂ ಕೊಳ್ಳುವುದಿಲ್ಲ. ಆದರೆ ಬೆಲೆ ಸತ್ತಿಲ್ಲ, ಬ್ಯಾಂಕ್ ಆಫ್ ಇಂಗ್ಲೆಂಡ್ ಈಗಲೂ ಬದಲಿಸಿಕೊಡುತ್ತದೆ. ಲಂಡನ್‌ಗೆ ಹೋಗುವವರು ಯಾರಾದರೂ ಸಿಕ್ಕರೆ ಭಾವನಿಗೇ ಹೇಳಿ ಕಳಿಸಿಕೊಡಿ.

ವಾಪಸ್ ಬರುವ ದಿನ ನಾಣ್ಯಗಳನ್ನು ಏರ್‌ಪೋರ್ಟ್‌ನಲ್ಲೇ ಖರ್ಚು ಮಾಡಿಬಿಡಿ, ಇಲ್ಲಿ ಅವನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ಉಳಿದ ನೋಟುಗಳನ್ನು 180 ದಿನದೊಳಗೆ ಬ್ಯಾಂಕಿಗೋ ಮನಿ ಚೇಂಜರ್‌ಗೋ ವಾಪಸ್ ಮಾರಬೇಕು. 2,000 ಡಾಲರ್ ಬೆಲೆಯವರೆಗೆ ಮುಂದಿನ ಪ್ರವಾಸಕ್ಕೆ ಅಂತ ಇಟ್ಟುಕೊಳ್ಳಲು ಅವಕಾಶ ಇದೆ. ಮಗಳ ಮನೆಗೆ ಮತ್ತೆ ಹೋಗುವುದಿದ್ದರೆ ಹಾಗೇ ಇಡಿ. ಫಾರೆಕ್ಸ್ ಕಾರ್ಡಿನಲ್ಲಿ ಸುಮ್ನೆ ಬಿಟ್ಟ ಹಣಕ್ಕೆ ಕೆಲವು ಬ್ಯಾಂಕ್‌ಗಳು ಬಳಸದ ಶುಲ್ಕ ಅಂತ ಕಡಿಯುತ್ತಾ ಹೋಗುತ್ತವೆ. ಬಂದ ತಿಂಗಳಲ್ಲೇ ಹೋಗಿ ಅದನ್ನು ಖಾತೆಗೆ ಹಾಕಿಸಿಕೊಳ್ಳಿ. ನಿಮ್ಮ ಕಾರ್ಡಿನದು ನಿಮ್ಮ ಸಹಿಯಲ್ಲೇ ಆಗಬೇಕು, ಹಾಗಾಗಿ ನೀವೇ ಹೋಗಿ.